ನಂದಿ ಏರುವಾಗ ಹೃದಯ ಬಡಿತವೇ ಏರುತ್ತಿಲ್ಲ: ಇನ್ನಷ್ಟು ತಾಲೀಮು ಬೇಕೇ, ವಿಶ್ರಾಂತಿ ಬೇಕೇ?

ಹೆಸರಘಟ್ಟ_ಸವಾರ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ 600 ಕಿಲೋಮೀಟರ್ ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹೆಸರು ನೋಂದಾಯಿಸಿದ್ದೇನೆ. ಈ ಋತುವಿನ 200, 300 ಮತ್ತು 400 ಮುಗಿದಿದ್ದು, ಇದೊಂದು ಪೂರ್ಣಗೊಂಡರೆ ಎಸ್‌ಆರ್ (ಸೂಪರ್ ರಾಂಡನರ್) ಸರಣಿ ಮುಗಿದಂತಾಗುತ್ತದೆ. ನನ್ನ ವಾರ ಹೀಗಿದೆ: ಮಂಗಳವಾರ ಮತ್ತು ಗುರುವಾರ ರಾತ್ರಿ ಟ್ರೈನರ್ (ಮನೆಯಲ್ಲೇ ನಿಂತಲ್ಲಿ ಸೈಕಲ್ ತುಳಿಯುವ ಸಾಧನ) ಮೇಲೆ ಇಂಟರ್ವಲ್, ಅಂದರೆ ಜೋರು ತುಳಿತ ಮತ್ತು ಬಿಡುವಿನ ಸರದಿ, ಬುಧವಾರ ಮತ್ತು ಶುಕ್ರವಾರ ಕಚೇರಿಗೆ ಸೈಕಲ್ಲಿನಲ್ಲೇ ಪ್ರಯಾಣ, ಶನಿವಾರ ನಂದಿ ಬೆಟ್ಟ, ಭಾನುವಾರ ಗುಂಪಿನೊಂದಿಗೆ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ಸವಾರಿ. ಸೋಮವಾರ ಬಿಡುವು.

ಕೆಲವು ವಾರಗಳಿಂದ ನಂದಿಯ ಏರಿನಲ್ಲಿ ಒಂದು ವಿಚಿತ್ರವನ್ನು ಗಮನಿಸುತ್ತಿದ್ದೇನೆ. ಮೊದಲೆಲ್ಲ ತುಳಿತದ ಶಕ್ತಿ 210 ವ್ಯಾಟ್‌ನಲ್ಲಿ ಏರುತ್ತಿದ್ದರೆ ಅರ್ಧ ದಾರಿಗೇ ಹೃದಯ ಬಡಿತ 170 ತಲುಪುತ್ತಿತ್ತು. ಈಗ ಎಷ್ಟು ಒದ್ದಾಡಿದರೂ 155 ದಾಟುವುದಿಲ್ಲ, ವ್ಯಾಟ್ ಕೂಡ 190ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೇಲಿನ ಕಡಿದಾದ ತಿರುವುಗಳಲ್ಲಿ ಏದುಸಿರು ಬರುವ ಮೊದಲೇ ತೊಡೆಗಳು ಸೋತುಹೋಗುತ್ತವೆ. ಆದರೆ ಬೆಳಿಗ್ಗೆ ಎದ್ದಾಗಿನ ಬಡಿತ 52ರಿಂದ 58ಕ್ಕೆ ಏರಿದೆ, ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ.

ಗೆಳೆಯರಲ್ಲಿ ಅರ್ಧ ಜನ ಇನ್ನಷ್ಟು ಕಿಲೋಮೀಟರ್ ಬೇಕು ಎನ್ನುತ್ತಾರೆ, ಉಳಿದವರು ಸೈಕಲ್ಲನ್ನು ಮೂಲೆಗಿಡು ಎನ್ನುತ್ತಾರೆ. ಸಹಿಸಿಕೊಂಡು ಮುಂದುವರಿಯಬೇಕಾದ ದಣಿವು ಯಾವುದು, ನಿಲ್ಲಬೇಕಾದ ದಣಿವು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಈ 600ಕ್ಕೆ ಹೋಗಲೇ, ಬಿಡಲೇ?

ಮೈಸೂರು_ವೈದ್ಯೆ

ಇತ್ತೀಚೆಗೆ ಜ್ವರವೇನಾದರೂ ಬಂದಿತ್ತೇ? ಮಳೆಗಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದೆ ಬೇರೆ ಯಾವ ಸಲಹೆಯನ್ನೂ ಕೊಡಬಾರದು.

ಹೆಸರಘಟ್ಟ_ಸವಾರ

ಜ್ವರ ಬಂದಿಲ್ಲ ಮೇಡಂ. ತಿಂಗಳ ಹಿಂದೆ ಸ್ವಲ್ಪ ನೆಗಡಿಯಾಗಿತ್ತು, ಅಷ್ಟೇ.

ವಾರಾಂತ್ಯದ_ಗುಂಪು

ದಣಿವನ್ನು ಕಂಡು ಹೆದರುವುದು ಈಚೆಗೆ ಹೆಚ್ಚಾಗಿದೆ ಎಂದು ನನಗೆ ಅನಿಸುತ್ತದೆ. ದಣಿಯದೆ ಬಲ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಭಾನುವಾರ ಮೂವತ್ತರ ವೇಗಕ್ಕೆ ಕಡಿಮೆಯಾಗದಂತೆ ಓಡಿಸುತ್ತೇವೆ, ಹಿಂದೆ ಬಿದ್ದವರು ಮುಂದಿನ ತಿಂಗಳಲ್ಲಿ ಮುಂದೆ ಬಂದಿರುತ್ತಾರೆ. 600ರಲ್ಲಿ ಎರಡನೆಯ ದಿನ ಮಧ್ಯಾಹ್ನ ಎಲ್ಲರ ತೊಡೆಗಳೂ ಹೀಗೇ ಸೋಲುತ್ತವೆ. ಸೋತ ಕಾಲಿನಲ್ಲಿ ತುಳಿಯುವುದನ್ನು ಈಗಲೇ ರೂಢಿ ಮಾಡಿಕೊಳ್ಳುವುದರಲ್ಲಿ ತಪ್ಪೇನಿದೆ?

ಧಾರವಾಡದ_ಅಂಕಿಗಾರ

ತಪ್ಪೇನಿದೆ ಎಂಬುದನ್ನು ಅವರ ಅಂಕಿಗಳೇ ಹೇಳುತ್ತಿವೆ. ಹೃದಯ ಬಡಿತ ಕಡಿಮೆಯಾಗುವುದಕ್ಕೆ ಎರಡು ಅರ್ಥಗಳಿವೆ, ಇವೆರಡನ್ನೂ ಕಲಸಿಬಿಡಬಾರದು. ಅದೇ ವ್ಯಾಟ್‌ಗೆ ಬಡಿತ ಇಳಿದು, ಏರು ಹಗುರವೆನಿಸಿದರೆ ದೇಹ ಬಲಗೊಂಡಿದೆ ಎಂದರ್ಥ. ಬಡಿತ ಇಳಿದು, ವ್ಯಾಟ್ ಕೂಡ ಇಳಿದು, ಏರು ಮೊದಲಿಗಿಂತ ಭಾರವೆನಿಸಿದರೆ ದಣಿವು ಒಳಗೆ ಜಮಾವಣೆಯಾಗಿದೆ ಎಂದರ್ಥ. ಬಿಸಿಲು ಮತ್ತು ನೀರಿನ ಕೊರತೆಯಿಂದ ಆಗುವುದು ಇವೆರಡೂ ಅಲ್ಲ, ಆಗ ಬಡಿತ ಮೇಲಕ್ಕೆ ಹೋಗುತ್ತದೆ. ಪ್ರಶ್ನೆ ಕೇಳಿದವರದ್ದು ಸ್ಪಷ್ಟವಾಗಿ ಎರಡನೆಯ ಬಗೆ.

ಇನ್ನು ಅವರ ವಾರದ ಪಟ್ಟಿಯನ್ನು ನೋಡಿ. ಇಂಟರ್ವಲ್ ಎರಡು ದಿನ, ನಂದಿ ಒಂದು ದಿನ, ಗುಂಪಿನ ಸವಾರಿ ಒಂದು ದಿನ, ಬೆಂಗಳೂರಿನ ವಾಹನಗಳ ನಡುವೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ನುಗ್ಗುವ ಕಚೇರಿಯ ಪ್ರಯಾಣ ಎರಡು ದಿನ. ಇದರಲ್ಲಿ ನಿಜವಾಗಿಯೂ ಹಗುರವಾದ ಸವಾರಿ ಒಂದಾದರೂ ಇದೆಯೇ? ದಣಿವು ಹೆಚ್ಚಾದ ಹಾಗೆಲ್ಲ ಕಠಿಣ ದಿನಗಳು ಮೆತ್ತಗಾಗುತ್ತವೆ, ಹಗುರ ದಿನಗಳು ಗುಂಪಿನ ವೇಗದಿಂದಾಗಿ ಬಿಗಿಯಾಗುತ್ತವೆ. ಕೊನೆಗೆ ಸವಾರಿಯ ಆರು ದಿನವೂ ಒಂದೇ ಬಗೆಯ ಮಧ್ಯಮ ದುಡಿಮೆಯಾಗಿ, ಬಲವೂ ಬರುವುದಿಲ್ಲ, ಚೇತರಿಕೆಯೂ ಆಗುವುದಿಲ್ಲ. ಸ್ಟೀಫನ್ ಸೈಲರ್ ಎಂಬ ಸಂಶೋಧಕರು ಉನ್ನತ ಮಟ್ಟದ ಕ್ರೀಡಾಪಟುಗಳ ದಿನಚರಿಯನ್ನು ಪರಿಶೀಲಿಸಿ, ಅವರ ತಾಲೀಮಿನ ಶೇ 80ರಷ್ಟು ಭಾಗ ಹಗುರವಾಗಿಯೂ ಶೇ 20ರಷ್ಟು ಮಾತ್ರ ಕಠಿಣವಾಗಿಯೂ ಇರುವುದನ್ನು ತೋರಿಸಿದರು. ನಮ್ಮ ಹವ್ಯಾಸಿಗಳಲ್ಲಿ ಈ ಅನುಪಾತ ತಲೆಕೆಳಗಾಗಿದೆ.

ಐಂಡ್‌ಹೋವನ್_ಕನ್ನಡಿಗ

ಒಂದು ತಿದ್ದುಪಡಿ. ಸೈಲರ್ ಅವರ ಶೇ 80 ಎಂಬುದು ಗಂಟೆಗಳ ಲೆಕ್ಕವಲ್ಲ, ಅಭ್ಯಾಸದ ಅವಧಿಗಳ ಲೆಕ್ಕ. ಹತ್ತು ಬಾರಿ ಸೈಕಲ್ ಹತ್ತಿದರೆ ಅದರಲ್ಲಿ ಎರಡು ಬಾರಿ ಕಠಿಣ ಎಂದರ್ಥ. ಆ ಎರಡು ಅವಧಿಗಳಲ್ಲೂ ಮೈ ಬಿಸಿ ಮಾಡಿಕೊಳ್ಳುವುದು, ನಡುವಿನ ಬಿಡುವು, ಕೊನೆಯ ತಣಿಸುವಿಕೆ ಎಲ್ಲ ಸೇರಿರುವುದರಿಂದ, ಗಂಟೆಗಳಲ್ಲಿ ಎಣಿಸಿದರೆ ಕಠಿಣ ಭಾಗ ಶೇ 10ರ ಹತ್ತಿರಕ್ಕೆ ಬರುತ್ತದೆ.

ವಾರಾಂತ್ಯದ_ಗುಂಪು

ಆ ಕ್ರೀಡಾಪಟುಗಳು ವಾರಕ್ಕೆ ಇಪ್ಪತ್ತು, ಇಪ್ಪತ್ತೈದು ಗಂಟೆ ತುಳಿಯುವವರು, ಅದೇ ಅವರ ಉದ್ಯೋಗ. ಎಂಟು ಗಂಟೆಯೂ ಸಿಗದ ನಮ್ಮಂಥವರು ಅದರಲ್ಲಿ ಶೇ 80ರಷ್ಟನ್ನು ಮಾತನಾಡುತ್ತಾ ತುಳಿಯುತ್ತಾ ಕಳೆದರೆ ಉಳಿಯುವುದೇನು? ವೃತ್ತಿಪರರ ನಿಯಮವನ್ನು ಹವ್ಯಾಸಿಗಳ ಮೇಲೆ ಹೇರುವುದು ಸರಿಯಲ್ಲ.

ಧಾರವಾಡದ_ಅಂಕಿಗಾರ

ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ವಾರಕ್ಕೆ ಆರು ಗಂಟೆ ಮಾತ್ರ ಸಿಗುವವರು ಆ ಅನುಪಾತವನ್ನು ಮಂತ್ರದಂತೆ ಪಠಿಸಬೇಕಿಲ್ಲ, ಅವರಿಗೆ ಗಟ್ಟಿಯಾದ ಮಧ್ಯಮ ವೇಗದ ಸವಾರಿಯಿಂದಲೂ ಲಾಭವಿದೆ. ಆದರೆ ಪ್ರಶ್ನೆ ಕೇಳಿದವರು ಆರು ಗಂಟೆಯವರಲ್ಲ. ಅವರ ಪಟ್ಟಿಯನ್ನು ಕೂಡಿಸಿದರೆ ಹದಿಮೂರು, ಹದಿನಾಲ್ಕು ಗಂಟೆಯಾದರೂ ಆಗುತ್ತದೆ. ಅಷ್ಟು ಗಂಟೆ ಇಟ್ಟುಕೊಂಡು ನಾಲ್ಕು ಕಠಿಣ ದಿನ ಹಾಕಿಕೊಳ್ಳುವುದನ್ನು ಯಾವ ಲೆಕ್ಕದಲ್ಲಿ ಸಮರ್ಥಿಸುತ್ತೀರಿ?

ವಿಜಯಪುರದ_ಹಳೆಯ_ಸವಾರ

ತಮ್ಮಾ, ನಮ್ಮ ಭಾಗದ ಸೈಕಲ್ ಹುಡುಗರ ಬಗ್ಗೆ ಎಲ್ಲರೂ ಆಡುವುದು ಒಂದೇ ಮಾತು: ಬಿಸಿಲಿಗೆ ಅಂಜುವುದಿಲ್ಲ, ಸೊಲ್ಲಾಪುರ ರಸ್ತೆಯಲ್ಲಿ ಗಾಳಿಗೆ ಎದೆಗೊಟ್ಟು ತುಳಿಯುತ್ತಾರೆ, ಅದಕ್ಕೇ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಿಂದ ರಾಷ್ಟ್ರಮಟ್ಟದ ಸವಾರರು ಬರುತ್ತಾರೆ. ಮಾತು ನಿಜ, ಆದರೆ ಅರ್ಧ ನಿಜ. ಕ್ರೀಡಾ ವಸತಿ ನಿಲಯದಲ್ಲಿ ಬೆಳೆದ ಹುಡುಗರ ದಿನ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ. ಬೆಳಗಿನ ಜಾವ ಎದ್ದು ರಸ್ತೆಗಿಳಿದರೆ ಬಿಸಿಲೇರುವಷ್ಟರಲ್ಲಿ ವಾಪಸು. ಬಂದ ಕೂಡಲೇ ಹೊಟ್ಟೆ ತುಂಬ ಊಟ: ರೊಟ್ಟಿ, ಕಾಳುಪಲ್ಯ, ಮೊಸರು, ಶೇಂಗಾ ಚಟ್ನಿ. ಮಧ್ಯಾಹ್ನ ಕಿಟಕಿ ಮುಚ್ಚಿ ನಿದ್ದೆ. ಸಂಜೆ ಸೈಕಲ್ ಹತ್ತಿದರೂ ಚೈನು ತಿರುಗಿದರೆ ಸಾಕು ಎನ್ನುವಷ್ಟು ಹಗುರ. ರಾತ್ರಿ ಬೇಗನೆ ದೀಪ ಆರುತ್ತದೆ. ಅವರು ಎಷ್ಟು ತುಳಿದರು ಎಂದು ಕೇಳುವವರು ನೂರು ಮಂದಿ ಇದ್ದಾರೆ, ಎಷ್ಟು ಹೊತ್ತು ಮಲಗಿದರು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನೀವು ಕಚೇರಿಯಿಂದ ಬಂದು ಟ್ರೈನರ್ ಹತ್ತುವುದು ಎಷ್ಟು ಗಂಟೆಗೆ? ಅದಾದ ಮೇಲೆ ಏನು ಉಣ್ಣುತ್ತೀರಿ? ಇವೆರಡನ್ನು ತಿಳಿಸಿದರೆ ಮುಂದಿನ ಮಾತು ಹೇಳಲು ಅನುಕೂಲ.

ಹೆಸರಘಟ್ಟ_ಸವಾರ

ಅಮೆರಿಕದ ತಂಡದೊಂದಿಗಿನ ಸಭೆ ಒಂಬತ್ತಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಎಚ್ಚರವಾಗಿರಲು ಸಂಜೆ ಏಳು ಗಂಟೆಗೆ ಒಂದು ಕಾಫಿ ಕುಡಿಯುತ್ತೇನೆ. ಒಂಬತ್ತೂವರೆಗೆ ಟ್ರೈನರ್ ಹತ್ತಿ ಹತ್ತೂ ಮುಕ್ಕಾಲಿಗೆ ಇಳಿಯುತ್ತೇನೆ. ಏರಿನಲ್ಲಿ ಅನುಕೂಲವಾಗಲೆಂದು ತೂಕ ಇಳಿಸುತ್ತಿರುವುದರಿಂದ ರಾತ್ರಿ ಒಂದು ಬಟ್ಟಲು ಮೊಸರನ್ನ ಮಾತ್ರ. ಐದು ಗಂಟೆಗೆ ಏಳುತ್ತೇನೆ.

ಬ್ರೆವೆ_ದಾರಿ

ಉತ್ತರ ಇಲ್ಲೇ ಸಿಕ್ಕಿತಲ್ಲ.

ಮೈಸೂರು_ವೈದ್ಯೆ

ಒಂದು ದೊಡ್ಡ ಭಾಗ ಸಿಕ್ಕಿತು, ಪೂರ್ತಿ ಸಿಕ್ಕಿತು ಎನ್ನಲಾರೆ. ನಾನು ಕ್ರೀಡಾ ವೈದ್ಯಳಲ್ಲ, ಸಾಮಾನ್ಯ ವೈದ್ಯೆ ಮತ್ತು ಸೈಕಲ್ ಸವಾರಳು. ಆದ್ದರಿಂದ ಇದನ್ನು ಚಿಕಿತ್ಸೆಯೆಂದು ತಿಳಿಯದೆ, ನಿಮ್ಮ ವೈದ್ಯರ ಬಳಿ ಏನನ್ನು ಕೇಳಬೇಕು ಎಂಬುದಕ್ಕೆ ಸಹಾಯವೆಂದು ಓದಿಕೊಳ್ಳಿ.

ಯುರೋಪಿನ ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ ಸಂಸ್ಥೆಗಳು 2013ರಲ್ಲಿ ಜಂಟಿಯಾಗಿ ಪ್ರಕಟಿಸಿದ ಹೇಳಿಕೆಯಲ್ಲಿ ಈ ದಣಿವನ್ನು ಮೂರು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲನೆಯದು ಉದ್ದೇಶಪೂರ್ವಕ ಅತಿಶ್ರಮ: ಕೆಲವು ದಿನ ಹೆಚ್ಚು ದುಡಿದು, ಸಾಮರ್ಥ್ಯ ತಾತ್ಕಾಲಿಕವಾಗಿ ಕುಸಿದು, ಕೆಲವು ದಿನಗಳಿಂದ ಒಂದೆರಡು ವಾರಗಳ ವಿಶ್ರಾಂತಿಯಲ್ಲಿ ಮೊದಲಿಗಿಂತ ಮೇಲಕ್ಕೆ ಏಳುವುದು. ಎರಡನೆಯದರಲ್ಲಿ ಅದೇ ಕುಸಿತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದು, ನಿದ್ದೆ ಮತ್ತು ಮನಸ್ಸು ಕೆಡುತ್ತವೆ, ಕೊನೆಯಲ್ಲಿ ಗಳಿಕೆಯೂ ಇರುವುದಿಲ್ಲ. ಮೂರನೆಯದು ಅತಿತಾಲೀಮಿನ ವ್ಯಾಧಿ, ಅದರಿಂದ ಹೊರಬರಲು ಹಲವು ತಿಂಗಳುಗಳೇ ಬೇಕು. ಇವುಗಳನ್ನು ಬೇರ್ಪಡಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. ಎಷ್ಟು ವಿಶ್ರಾಂತಿಯಿಂದ ಸರಿಹೋಯಿತು ಎಂಬುದರ ಮೇಲೆಯೇ ಯಾವ ಹಂತದಲ್ಲಿದ್ದಿರಿ ಎಂದು ಹಿಂದಿರುಗಿ ನೋಡಿ ತಿಳಿಯಬೇಕು. ಅದಕ್ಕೇ ಕಾಯುತ್ತ ಕುಳಿತು ಮೂರನೆಯ ಹಂತಕ್ಕೆ ಹೋಗುವುದು ಅಪಾಯ.

ಆದರೆ ಇದೇ ಲಕ್ಷಣಗಳು ರಕ್ತಹೀನತೆಯಲ್ಲಿ, ಥೈರಾಯ್ಡ್ ತೊಂದರೆಯಲ್ಲಿ, ಬಿ12 ಕೊರತೆಯಲ್ಲಿ, ಡೆಂಗಿ ಅಥವಾ ಚಿಕೂನ್‌ಗುನ್ಯಾದ ನಂತರದ ವಾರಗಳಲ್ಲಿಯೂ ಕಾಣುತ್ತವೆ. ಅವುಗಳನ್ನು ಮೊದಲು ತಳ್ಳಿಹಾಕದೆ ಅತಿತಾಲೀಮು ಎಂಬ ಹಣೆಪಟ್ಟಿ ಕಟ್ಟಬಾರದು. ಪೂರ್ಣ ರಕ್ತಕಣಗಳ ಎಣಿಕೆ, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ: ಇಷ್ಟನ್ನು ಮಾಡಿಸಿಕೊಳ್ಳಿ. ಎದೆನೋವು, ತಲೆಸುತ್ತು, ಬಡಿತ ತಪ್ಪಿದ ಅನುಭವ ಏನಾದರೂ ಇದ್ದರೆ ಇಲ್ಲಿಯ ಯಾರ ಮಾತನ್ನೂ ಕೇಳದೆ ಹೃದಯ ತಜ್ಞರ ಬಳಿ ಹೋಗಿ.

ಇನ್ನೊಂದು ವಿಷಯ. ಬೆಳಗಿನ ಬಡಿತ ಏರಿದರೆ ಮಾತ್ರ ದಣಿವು ಎಂದು ಹಲವರು ತಿಳಿದಿದ್ದಾರೆ. ಅದು ಏರಬಹುದು, ಏರದೆಯೂ ಇರಬಹುದು. ಏರಿನಲ್ಲಿ ಬಡಿತ ಮೇಲಕ್ಕೆ ಹೋಗದಿರುವುದು ಅದಕ್ಕಿಂತ ಹೆಚ್ಚು ಗಮನಿಸಬೇಕಾದ ಸೂಚನೆ.

ಮಲೆನಾಡ_ಹಾದಿ

ಫೆರಿಟಿನ್ ವಿಷಯವನ್ನು ಪ್ರಸ್ತಾಪಿಸಿದ್ದಕ್ಕೆ ವೈದ್ಯರಿಗೆ ವಂದನೆಗಳು. ಸವಾರಿ ಮಾಡುವ ಹೆಣ್ಣುಮಕ್ಕಳು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಹಿಮೋಗ್ಲೋಬಿನ್ ಸರಿಯಾಗಿಯೇ ಇದ್ದು, ಒಳಗಿನ ಕಬ್ಬಿಣದ ದಾಸ್ತಾನು ಮಾತ್ರ ಬರಿದಾಗಿರುವುದು ಸಾಧ್ಯ. ಆಗುಂಬೆಯ ಏರಿನಲ್ಲಿ ನನಗೆ ಕಾಲು ಬರದಿದ್ದಾಗ ಎಲ್ಲರೂ ಅಭ್ಯಾಸ ಸಾಲದು ಎಂದರು, ಪರೀಕ್ಷೆ ಮಾಡಿಸಿದ ಮೇಲೆ ಕಾರಣ ತಿಳಿಯಿತು. ಕಬ್ಬಿಣದ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ ಕಾಫಿ ಅಥವಾ ಚಹಾದ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಹೀರಿಕೆ ಉತ್ತಮವಾಗುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಮಾತು. ತೂಕ ಇಳಿಸುತ್ತಾ ತಾಲೀಮು ಏರಿಸುವುದರ ಪರಿಣಾಮಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ರೆಡ್-ಎಸ್ ಎಂಬ ಹೆಸರಿಟ್ಟಿತು. ತುಳಿಯಲು ಖರ್ಚಾದ ಮೇಲೆ ದೇಹದ ಉಳಿದ ಕೆಲಸಗಳಿಗೆ ಶಕ್ತಿ ಉಳಿಯದಿದ್ದರೆ ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ ಎಲ್ಲವೂ ಸೊರಗುತ್ತವೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಅದರ ಎದ್ದುಕಾಣುವ ಲಕ್ಷಣ. ಮುಟ್ಟು ನಿಂತಿದ್ದನ್ನು ಅನುಕೂಲವೆಂದು ಭಾವಿಸಿ ಸುಮ್ಮನಿರುವ ಸವಾರರನ್ನು ನೋಡಿದ್ದೇನೆ, ಅದು ಬಹಳ ಬೇಸರದ ಸಂಗತಿ. ಗಂಡಸರಿಗೆ ಅಂಥ ಸ್ಪಷ್ಟ ಲಕ್ಷಣವಿಲ್ಲದ ಕಾರಣ ಇನ್ನೂ ತಡವಾಗಿ ತಿಳಿಯುತ್ತದೆ.

ಮತ್ತು ಬಿಡುವಿನ ದಿನ ಎಂದು ನೀವೆಲ್ಲ ಬರೆಯುತ್ತಿರುವುದನ್ನು ಓದುವಾಗ ಒಂದು ಕೇಳಬೇಕೆನಿಸುತ್ತದೆ. ಸೈಕಲ್ ಹತ್ತದ ದಿನ ಮನೆಯ ಬಟ್ಟೆ, ಅಡುಗೆ, ವಯಸ್ಸಾದ ಅತ್ತೆಯ ಆಸ್ಪತ್ರೆ ಓಡಾಟ ಎಲ್ಲವನ್ನೂ ತುಂಬಿಟ್ಟರೆ ಅದನ್ನು ವಿಶ್ರಾಂತಿ ಎನ್ನಬಹುದೇ? ನಮ್ಮಲ್ಲಿ ಬಹಳ ಹೆಣ್ಣುಮಕ್ಕಳಿಗೆ ಸವಾರಿಯ ದಿನವೇ ಹಗುರವಾದ ದಿನ.

ಧಾರವಾಡದ_ಅಂಕಿಗಾರ

ಇದು ಅಂಕಿಗಳ ದೊಡ್ಡ ಕೊರತೆಯೂ ಹೌದು. ಎಫ್‌ಟಿಪಿಯಲ್ಲಿ (ಸುಮಾರು ಒಂದು ಗಂಟೆ ಕಾಯ್ದುಕೊಳ್ಳಬಲ್ಲ ಗರಿಷ್ಠ ವ್ಯಾಟ್) ಒಂದು ಗಂಟೆ ತುಳಿದರೆ ಟಿಎಸ್‌ಎಸ್ (ತಾಲೀಮಿನ ಹೊರೆಯ ಅಂಕ) 100 ಎಂದು ಆ್ಯಪ್ ಬರೆದುಕೊಳ್ಳುತ್ತದೆ. ರಾತ್ರಿ ಒಂಬತ್ತರವರೆಗಿನ ಸಭೆಗೂ ಆಸ್ಪತ್ರೆಯ ಓಡಾಟಕ್ಕೂ ಅದು ಸೊನ್ನೆ ಬರೆಯುತ್ತದೆ. ದೇಹದ ಖಾತೆಯಲ್ಲಿ ಅವೂ ಜಮೆಯಾಗಿರುತ್ತವೆ.

ಐಂಡ್‌ಹೋವನ್_ಕನ್ನಡಿಗ

ನಾನಿರುವ ನೆದರ್ಲೆಂಡ್ಸ್‌ನಲ್ಲಿ ವೃತ್ತಿಪರ ಸವಾರ ಟಾಮ್ ಡುಮೊಲಾನ್ ಅವರ ಬಗ್ಗೆ ಇಂದಿಗೂ ಪ್ರೀತಿಯಿಂದ ಮಾತನಾಡುತ್ತಾರೆ. 2017ರಲ್ಲಿ ಇಟಲಿಯ ಮೂರು ವಾರಗಳ ಸ್ಪರ್ಧೆ ಜೀರೋ ಡಿ ಇಟಾಲಿಯಾ ಗೆದ್ದವರು, 2021ರ ಜನವರಿಯಲ್ಲಿ ಎಲ್ಲವನ್ನೂ ನಿಲ್ಲಿಸಿ ಬಿಡುವು ತೆಗೆದುಕೊಂಡರು. ಕೆಲವು ತಿಂಗಳ ನಂತರ ಮರಳಿ ಬಂದು ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನ ಟೈಮ್ ಟ್ರಯಲ್‌ನಲ್ಲಿ ಬೆಳ್ಳಿ ಗೆದ್ದರು. ಆದರೂ 2022ರಲ್ಲಿ ನಿವೃತ್ತರಾದರು. ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತಗಳನ್ನು ಗೆದ್ದಿದ್ದ ಜರ್ಮನಿಯ ಮಾರ್ಸೆಲ್ ಕಿಟೆಲ್ 2019ರಲ್ಲಿ ಬಳಲಿಕೆಯ ಕಾರಣ ಹೇಳಿ ತಂಡದ ಒಪ್ಪಂದವನ್ನೇ ಬಿಟ್ಟರು. ವೈದ್ಯರು, ಮಸಾಜ್ ಮಾಡುವವರು, ಅಡುಗೆಯವರು ಎಲ್ಲರೂ ಬೆನ್ನಿಗಿದ್ದ ಸವಾರರಿಗೇ ಹೀಗಾಗುತ್ತದೆ ಎಂದ ಮೇಲೆ, ರಾತ್ರಿ ಹನ್ನೊಂದಕ್ಕೆ ಊಟ ಮಾಡಿ ಐದಕ್ಕೆ ಏಳುವವರು ಮನೋಬಲವೊಂದರಿಂದಲೇ ಗೆಲ್ಲುತ್ತಾರೆ ಎಂದು ವಾದಿಸುವುದನ್ನು ನಾನು ಒಪ್ಪಲಾರೆ.

ವಾರಾಂತ್ಯದ_ಗುಂಪು

ಸರಿ, ವಿಶ್ರಾಂತಿ ಬೇಕು ಎಂಬುದನ್ನು ಒಪ್ಪಿಕೊಂಡೆ. ಆದರೆ ಟೂರ್ ಸವಾರರು ವಿಶ್ರಾಂತಿಯ ದಿನವೂ ಒಂದೆರಡು ಗಂಟೆ ಸೈಕಲ್ ತುಳಿಯುತ್ತಾರಲ್ಲ? ಪೂರ್ತಿ ಮಲಗಿಬಿಟ್ಟರೆ ಕಾಲು ಬಿಗಿದುಕೊಳ್ಳುತ್ತದೆ.

ವಿಜಯಪುರದ_ಹಳೆಯ_ಸವಾರ

ಅವರು ಮಾರನೆಯ ದಿನ ಮತ್ತೆ ಇನ್ನೂರು ಕಿಲೋಮೀಟರ್ ತುಳಿಯಬೇಕಾದವರು, ಅವರ ರಸ್ತೆಯೂ ಖಾಲಿ. ನಿಮ್ಮ ಬೆಂಗಳೂರಿನಲ್ಲಿ ಹಗುರ ಸವಾರಿಗೆಂದು ಹೊರಟು, ಮೇಲ್ಸೇತುವೆ ಏರಿ, ಬಸ್ಸಿನ ಮುಂದೆ ನುಗ್ಗಿ, ಹಂಪು ಹಾರಿ ಮನೆಗೆ ಬರುವಷ್ಟರಲ್ಲಿ ಹಗುರವೆಂಬುದು ಎಲ್ಲಿ ಉಳಿದಿರುತ್ತದೆ? ಖಾಲಿ ರಸ್ತೆ ಸಿಕ್ಕರೆ ಅರ್ಧ ಮುಕ್ಕಾಲು ಗಂಟೆ ಚಿಕ್ಕ ಗೇರಿನಲ್ಲಿ ತಿರುಗಿಸಿ ಬನ್ನಿ. ಸಿಗದಿದ್ದರೆ ಮನೆಯಲ್ಲೇ ಇರಿ, ನಡೆದಾಡಿ, ಮಲಗಿ. ಏರುಪೇರಿನ ಊರಿನಲ್ಲಿ ಇರುವವರು ಹಿಂದಿನ ಚಕ್ರದ ಗೇರುಗಳ ಗುಂಪಾದ ಕ್ಯಾಸೆಟ್ಟನ್ನು, ದೊಡ್ಡ ಗೇರು 28 ಹಲ್ಲಿನದ್ದು ತೆಗೆದು 34 ಹಲ್ಲಿನದ್ದು ಹಾಕಿಸಿಕೊಳ್ಳಿ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡೀರೇಲರ್ ಅಷ್ಟು ದೊಡ್ಡ ಗೇರನ್ನು ಹಿಡಿಯುತ್ತದೆಯೇ ಎಂದು ಅಂಗಡಿಯವರನ್ನು ಮೊದಲು ಕೇಳಿ. ಚಿಕ್ಕ ಗೇರಿಲ್ಲದ ಸೈಕಲ್ಲಿನಲ್ಲಿ ಏರನ್ನು ಹಗುರವಾಗಿ ಏರುವುದು ಯಾರಿಂದಲೂ ಆಗದು.

ಕೋಲಾರದ_ಗಾಳಿ

ಐಸ್ ತುಂಬಿದ ತೊಟ್ಟಿಯಲ್ಲಿ ಕುಳಿತುಕೊಳ್ಳುವುದು, ಕಾಲಿಗೆ ಗಾಳಿ ತುಂಬುವ ಬೂಟು, ಮಸಾಜ್ ಗನ್ ಇವುಗಳಿಂದ ಪ್ರಯೋಜನವಿದೆಯೇ? ನಮ್ಮ ಬಳಗದಲ್ಲಿ ಎಲ್ಲರೂ ಕೊಳ್ಳುತ್ತಿದ್ದಾರೆ.

ಮೈಸೂರು_ವೈದ್ಯೆ

ತಣ್ಣೀರಿನಿಂದ ನೋವು ಕಡಿಮೆಯಾದಂತೆ ಅನಿಸುವುದು ನಿಜ. ಒಂದರ ಹಿಂದೊಂದು ದಿನ ಸ್ಪರ್ಧೆಯಿದ್ದರೆ ಉಪಯೋಗಕ್ಕೆ ಬರುತ್ತದೆ. ಆದರೆ ಜಿಮ್‌ನಲ್ಲಿ ಭಾರ ಎತ್ತಿದ ನಂತರ ಪ್ರತಿಸಲವೂ ತಣ್ಣೀರಿನಲ್ಲಿ ಮುಳುಗಿದರೆ ಸ್ನಾಯುವಿನ ಬೆಳವಣಿಗೆ ಕುಗ್ಗುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಿದ್ದೆ ಮತ್ತು ಊಟ ಸರಿಪಡಿಸಿಕೊಳ್ಳದೆ ಇವುಗಳಿಗೆ ಹಣ ಸುರಿಯುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ವಯಸ್ಕರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು, ತಾಲೀಮು ಹೆಚ್ಚಿದ ವಾರದಲ್ಲಿ ಮೇಲಿನ ಅಂಚಿನತ್ತ ಸರಿಯಬೇಕು. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಏಳು ಗಂಟೆಯ ಕಾಫಿ ಹನ್ನೆರಡಕ್ಕೂ ಕೆಲಸ ಮಾಡುತ್ತಿರುತ್ತದೆ ಎಂಬುದನ್ನು ಲೆಕ್ಕ ಹಾಕಿ.

ಮಲೆನಾಡ_ಹಾದಿ

ಊಟದ ಲೆಕ್ಕವನ್ನು ನಾನು ಹೇಳುತ್ತೇನೆ. ದಿನಕ್ಕೆ ಒಂದು ಗಂಟೆಯ ಮಧ್ಯಮ ತಾಲೀಮಿಗೆ ದೇಹತೂಕದ ಪ್ರತಿ ಕಿಲೋಗೆ 5ರಿಂದ 7 ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್) ಬೇಕು, ಒಂದರಿಂದ ಮೂರು ಗಂಟೆಯ ಕಠಿಣ ತಾಲೀಮಿಗೆ 6ರಿಂದ 10 ಗ್ರಾಂ. 70 ಕಿಲೋ ತೂಕದವರಿಗೆ ಕಠಿಣ ದಿನ ಕನಿಷ್ಠ 420 ಗ್ರಾಂ ಆಯಿತು. ನೂರು ಗ್ರಾಂ ಬೆಂದ ಅನ್ನದಲ್ಲಿ ಇರುವುದು 28 ಗ್ರಾಂ ಆಸುಪಾಸು, ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ. ಒಂದು ಬಟ್ಟಲು ಮೊಸರನ್ನ ಇದರಲ್ಲಿ ಎಲ್ಲಿ ನಿಲ್ಲುತ್ತದೆ? ಇಂಟರ್ವಲ್ ದಿನ ಮುದ್ದೆ, ಕಾಳು ಸಾರು, ಮೇಲೆ ಮೊಸರನ್ನ ಎಲ್ಲವೂ ಇರಲಿ. ಪ್ರೋಟೀನು ದಿನಕ್ಕೆ ಕಿಲೋಗೆ 1.6 ಗ್ರಾಂ ಹತ್ತಿರ ಬರುವಂತೆ ಮೊಟ್ಟೆ, ಕಾಳು, ಹಾಲು, ಮೀನು, ನಿಮ್ಮ ಮನೆಯಲ್ಲಿ ಏನಿದೆಯೋ ಅದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ. ಉದ್ದ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಪಿಷ್ಟ ಹೋಗಬೇಕು. ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ. ನಂದಿಯಿಂದ ಇಳಿದ ಮೇಲೆ ಮಸಾಲೆ ದೋಸೆ ತಿನ್ನುವುದರಿಂದ ಏರುವಾಗಿನ ಹಸಿವು ತುಂಬುವುದಿಲ್ಲ.

ಬ್ರೆವೆ_ದಾರಿ

600ರ ವಿಷಯಕ್ಕೆ ಬರೋಣ, ಏಕೆಂದರೆ ಅದೇ ಮೂಲ ಪ್ರಶ್ನೆ. ಸಮಯದ ಮಿತಿ 40 ಗಂಟೆ. ಗಂಟೆಗೆ 20 ಕಿಲೋಮೀಟರಿನಂತೆ ಉರುಳಿದರೆ ಸೈಕಲ್ ಮೇಲೆಯೇ 30 ಗಂಟೆ ಹೋಗುತ್ತದೆ. ಉಳಿದ ಹತ್ತರಲ್ಲಿ ಊಟ, ಕಂಟ್ರೋಲ್ ಪಾಯಿಂಟಿನ ಮುದ್ರೆ, ಪಂಕ್ಚರು, ಮಳೆ ಎಲ್ಲ ಕಳೆದು ನಿದ್ದೆಗೆ ಸಿಗುವುದು ಮೂರು ನಾಲ್ಕು ಗಂಟೆ. ಮೊದಲೇ ನಿದ್ದೆಯ ಸಾಲದಲ್ಲಿರುವವರು ಇಂಥ ರಾತ್ರಿಗೆ ಇಳಿಯಬಾರದು. ಇದು ಬರೀ ಸಾಮರ್ಥ್ಯದ ಪ್ರಶ್ನೆಯಲ್ಲ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹೆದ್ದಾರಿಯ ಅಂಚಿನಲ್ಲಿ, ಹಿಂದಿನಿಂದ ಲಾರಿ ಬರುತ್ತಿರುವಾಗ ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂಬುದು ಪ್ರಾಣದ ಪ್ರಶ್ನೆ. ಸೋತ ಕಾಲಿನಲ್ಲಿ ತುಳಿಯುವುದನ್ನು ರೂಢಿ ಮಾಡಿಕೊಳ್ಳಿ ಎಂದು ಮೇಲೆ ಬರೆದವರು ಇದನ್ನು ಯೋಚಿಸಬೇಕೆಂದು ಕೋರುತ್ತೇನೆ.

ಬ್ರೆವೆಯ ಋತು ನವೆಂಬರ್ 1ರಿಂದ ಮುಂದಿನ ಅಕ್ಟೋಬರ್ 31ರವರೆಗೆ. ಈಗಿನ್ನೂ ಜುಲೈ. ಅಕ್ಟೋಬರಿನೊಳಗೆ ನಿಮ್ಮ ಕ್ಲಬ್ಬಿನಲ್ಲೋ ಬೇರೆ ಊರಿನ ಕ್ಲಬ್ಬಿನಲ್ಲೋ ಇನ್ನೊಂದು 600 ಇದೆಯೇ ಎಂದು ಕ್ಯಾಲೆಂಡರ್ ನೋಡಿ. ಎಲ್ಲಿ ಮುಗಿಸಿದರೂ ಸರಣಿಗೆ ಸೇರುತ್ತದೆ.

ವಾರಾಂತ್ಯದ_ಗುಂಪು

ರಾತ್ರಿಯ ಹೆದ್ದಾರಿಯ ಮಾತಿಗೆ ನನ್ನ ಬಳಿ ಪ್ರತಿವಾದವಿಲ್ಲ. ಆದರೆ ಒಂದು ಆತಂಕವನ್ನು ಯಾರೂ ಮುಟ್ಟಿಲ್ಲ. ಎರಡು ವಾರ ಬಿಟ್ಟರೆ ವರ್ಷವಿಡೀ ಗಳಿಸಿದ್ದು ಕರಗಿಹೋಗುತ್ತದೆ ಎಂಬ ಭಯದಿಂದಲೇ ಜನ ನಿಲ್ಲಿಸುವುದಿಲ್ಲ.

ಧಾರವಾಡದ_ಅಂಕಿಗಾರ

ಒಳ್ಳೆಯ ಪ್ರಶ್ನೆ. ಪೂರ್ತಿ ನಿಲ್ಲಿಸಿದರೆ ಮೊದಲ ದಿನಗಳಲ್ಲಿ ಇಳಿಯುವುದು ರಕ್ತದ ದ್ರವಭಾಗ, ಅದರಿಂದ ಮರಳಿದಾಗ ಬಡಿತ ಸ್ವಲ್ಪ ಮೇಲಿರುತ್ತದೆ. ಅದು ಬೇಗನೆ ವಾಪಸು ಬರುತ್ತದೆ. ವರ್ಷಗಟ್ಟಲೆ ಕಟ್ಟಿದ್ದು ಎರಡು ವಾರದಲ್ಲಿ ಹೋಗುವುದಿಲ್ಲ. ಜೊತೆಗೆ ಇಲ್ಲಿ ಯಾರೂ ಎರಡು ವಾರ ಪೂರ್ತಿ ಮಲಗಿ ಎಂದಿಲ್ಲ. ಸ್ಪರ್ಧೆಗೆ ಮುನ್ನ ತಾಲೀಮು ಇಳಿಸುವ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದಿದೆ. ಎರಡು ವಾರಗಳ ಕಾಲ ಪ್ರಮಾಣವನ್ನು ಶೇ 41ರಿಂದ 60ರಷ್ಟು ಕಡಿತಗೊಳಿಸಿ, ತೀವ್ರತೆಯನ್ನೂ ವಾರಕ್ಕೆ ಎಷ್ಟು ಸಲ ಎಂಬುದನ್ನೂ ಹಾಗೆಯೇ ಉಳಿಸಿಕೊಂಡವರಿಗೆ ಅತಿ ಹೆಚ್ಚು ಲಾಭವಾಗಿತ್ತು. ಅರ್ಧಕ್ಕೆ ಇಳಿಸಿದವರು ಕಳೆದುಕೊಂಡಿಲ್ಲ, ಗಳಿಸಿದ್ದಾರೆ. ಇದು ಆರೋಗ್ಯವಂತರ ಇಳಿಕೆಯ ಲೆಕ್ಕ, ಈಗಾಗಲೇ ಕುಸಿದಿರುವವರು ತೀವ್ರತೆಯನ್ನೂ ಮೊದಲು ಬಿಡಬೇಕು.

ಹೆಸರಘಟ್ಟ_ಸವಾರ

ಎಲ್ಲರ ಉತ್ತರಗಳನ್ನೂ ಓದಿದೆ. ಹತ್ತು ದಿನ ಇಂಟರ್ವಲ್ ಮತ್ತು ನಂದಿ ಎರಡನ್ನೂ ನಿಲ್ಲಿಸಿದ್ದೆ. ಸಂಜೆಯ ಕಾಫಿ ಬಿಟ್ಟಿದ್ದೇನೆ, ರಾತ್ರಿಯೂಟ ಸಭೆಗೆ ಮೊದಲೇ ಮುಗಿಯುತ್ತದೆ. ರಕ್ತಪರೀಕ್ಷೆಯಲ್ಲಿ ಬಿ12 ಸ್ವಲ್ಪ ಕಡಿಮೆಯಿದ್ದು ವೈದ್ಯರು ಮಾತ್ರೆ ಕೊಟ್ಟಿದ್ದಾರೆ, ಉಳಿದದ್ದು ಸರಿಯಿದೆ. ಮೂರು ಗಂಟೆಗೆ ಎಚ್ಚರವಾಗುವುದು ನಿಂತಿದೆ, ಬೆಳಗಿನ ಬಡಿತ 53ಕ್ಕೆ ಬಂದಿದೆ. 600ರ ನೋಂದಣಿಯನ್ನು ಹಿಂಪಡೆದು ಅಕ್ಟೋಬರಿನದ್ದಕ್ಕೆ ಕಾಯುತ್ತಿದ್ದೇನೆ. ಮೊದಲ ಕಠಿಣ ಅಭ್ಯಾಸವನ್ನು ಯಾವಾಗ, ಎಲ್ಲಿ ಮಾಡಲಿ? ನಂದಿಗೇ ಹೋಗಿ ನೋಡಲೇ?

ಐಂಡ್‌ಹೋವನ್_ಕನ್ನಡಿಗ

ಗಡಿಯಾರ ಕೊಡುವ ಚೇತರಿಕೆಯ ಅಂಕವನ್ನು ನೋಡಿ ದಿನ ನಿರ್ಧರಿಸಬೇಡಿ. ಎಚ್‌ಆರ್‌ವಿ (ಬಡಿತಗಳ ನಡುವಿನ ಅಂತರದ ಏರಿಳಿತ) ನೋಡುವುದಾದರೆ ಒಂದು ದಿನದ ಸಂಖ್ಯೆಗೆ ಬೆಲೆಯಿಲ್ಲ, ಏಳು ದಿನದ ಸರಾಸರಿ ಎತ್ತ ಸಾಗುತ್ತಿದೆ ಎಂಬುದನ್ನು ಗಮನಿಸಿ.

ವಿಜಯಪುರದ_ಹಳೆಯ_ಸವಾರ

ನಂದಿಗೆ ಈಗಲೇ ಬೇಡ ತಮ್ಮಾ. ಬೆಟ್ಟದಲ್ಲಿ ಅರ್ಧಕ್ಕೆ ನಿಲ್ಲಲು ಮನಸ್ಸು ಬರುವುದಿಲ್ಲ, ಜೊತೆಗೆ ಬಂದವರು ಮುಂದೆ ಹೋಗುತ್ತಿದ್ದರೆ ಇನ್ನೂ ಕಷ್ಟ. ಟ್ರೈನರ್ ಮೇಲೆ ಮಾಡಿ, ಅಲ್ಲಿ ಯಾವ ಕ್ಷಣದಲ್ಲಾದರೂ ಇಳಿಯಬಹುದು. ಮೂರು ದಿನ ಸತತವಾಗಿ ಚೆನ್ನಾಗಿ ನಿದ್ದೆ ಬಂದು, ಹಗುರ ಸವಾರಿಯಲ್ಲಿ ತಾನಾಗಿಯೇ ಜೋರಾಗಿ ತುಳಿಯಬೇಕೆನಿಸಿದ ಮೇಲೆ, ಶನಿವಾರ ಬೆಳಿಗ್ಗೆ ತಿಂಡಿ ತಿಂದು ಹತ್ತಿ. ಇಪ್ಪತ್ತು ನಿಮಿಷ ಮೈ ಬಿಸಿಯಾಗಲಿ, ನಂತರ ಐದು ನಿಮಿಷದ್ದು ನಾಲ್ಕು ಬಾರಿ, ನಡುವೆ ಐದು ನಿಮಿಷ ಬಿಡುವು, ವ್ಯಾಟ್ ಹಳೆಯ 210 ಸಾಕು. ಎರಡನೆಯದು ಮುಗಿಯುವಷ್ಟರಲ್ಲಿ ಬಡಿತ 160 ದಾಟಿದ್ದು ಕಾಲು ಸರಾಗವಾಗಿದ್ದರೆ ಉಳಿದೆರಡನ್ನೂ ಮಾಡಿ. ಬಡಿತ ಮತ್ತೆ 150ರಲ್ಲೇ ನಿಂತು ತೊಡೆ ಕಲ್ಲಾಗಿದ್ದರೆ ಅಲ್ಲಿಗೇ ಇಳಿದು, ಇನ್ನೊಂದು ವಾರ ಹಗುರ ಸವಾರಿ. ಚೆನ್ನಾಗಿ ಹೋಯಿತು ಎಂದುಕೊಂಡು ಭಾನುವಾರವೇ ಗುಂಪಿಗೆ ಹೋಗಬೇಡಿ. ಮುಂದಿನ ಕಠಿಣ ದಿನ ಬುಧವಾರ, ಅಲ್ಲಿಯವರೆಗೆ ಹಗುರ. ಆ ಶನಿವಾರದ ಅಂಕಿಗಳನ್ನು ಇಲ್ಲಿ ಹಾಕಿ, ನೋಡೋಣ.